ನಡುವಿನ ಬೀಳು

ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಇನ್ನಷ್ಟು ದೂರ ಹೋಗಿ, ಎಡಗಡೆಯ ಟಾರು ದಾರಿ ಹಿಡಿದರೆ ನಮ್ಮೂರು. ಊರು ಶುರುವಾಗುವುದೇ ನಮ್ಮ ರಾಗಿ ಮಿಲ್ಲಿನಿಂದ. ಯಜಮಾನರು ಬೆಳಿಗ್ಗೆ ಯಲಹಂಕಕ್ಕೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೂ ಮಿಲ್ಲು ನನ್ನ ಪಾಲಿಗೆ. ಬೆಲ್ಟು ಜಾರಿದರೆ ಮತ್ತೆ ಕೂರಿಸುವುದು, ಕಲ್ಲು ಸವೆದರೆ ಕೊರೆಯುವವನಿಗೆ ಹೇಳಿಕಳಿಸುವುದು, ಯಾರ ಡಬ್ಬ ಮುಂದೆ ಯಾರದು ಹಿಂದೆ ಎಂಬ ಜಗಳ ಬಿಡಿಸುವುದು, ಎಲ್ಲ ನಾನೇ. ಮಿಲ್ಲಿನಲ್ಲಿ ಕೂತವಳು ಊರಿನ ಸುದ್ದಿ ಕೇಳಲು ಎಲ್ಲಿಗೂ ಹೋಗಬೇಕಾಗಿಲ್ಲ, ಹಿಟ್ಟಿನ ಜೊತೆ ಅದೂ ಬೀಳುತ್ತಿರುತ್ತದೆ.

ಎರಡು ಸಾವಿರದ ಎಂಟರಲ್ಲಿ ದೇವನಹಳ್ಳಿ ಕಡೆ ವಿಮಾನಗಳು ಇಳಿಯಲು ಶುರುವಾದ ಮೇಲೆ ನಮ್ಮ ಕಡೆಯ ಹೊಲಗಳಲ್ಲೆಲ್ಲ ಕಲ್ಲು ನೆಟ್ಟು ಸೈಟು ಮಾಡಿದರು. ನಾವೂ ಮಿಲ್ಲಿನ ಹಿಂದೆ ಮೂರು ಶೀಟಿನ ಮನೆ ಕಟ್ಟಿ ಬಾಡಿಗೆಗೆ ಬಿಟ್ಟೆವು. ಬಂದವರು ದೊಡ್ಡಬಳ್ಳಾಪುರದ ಫ್ಯಾಕ್ಟರಿಗಳಿಗೆ ಹೋಗುವ ಉತ್ತರ ಕರ್ನಾಟಕದವರು. ಅವರಲ್ಲಿ ಒಂದು ಮನೆಯವರು ಮಾತ್ರ ಬಂದು ನಿಂತರು. ಬಿಜಾಪುರದ ಕಡೆಯ ಒಬ್ಬ ಹುಡುಗ, ಅವನ ಹೆಂಡತಿ, ಅವನ ತಾಯಿ.

ಆ ತಾಯಿಯನ್ನು ನಾವು ಜೋಳದಮ್ಮ ಎನ್ನುತ್ತಿದ್ದೆವು. ವಾರಕ್ಕೊಮ್ಮೆ ಜೋಳ ಬೀಸಿಸಲು ಬರುತ್ತಿದ್ದರು. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಲಿಂಗ, ಇಳಕಲ್ ಸೀರೆ. ನಮ್ಮದು ಒಂದೇ ಕಲ್ಲು. ರಾಗಿ ಬೀಸಿದ ಮೇಲೆ ಜೋಳ ಹಾಕಿದರೆ ಮೊದಲು ಬೀಳುವ ಹಿಟ್ಟು ಬೂದಿ ಬಣ್ಣಕ್ಕಿರುತ್ತದೆ. ಅದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ನೋಡವಾ, ನಿಮ್ಮ ರಾಗಿ ನಮ್ಮ ಜೋಳಕ್ಕ ಹತ್ತೇತಿ. ಇನ್ನ ನಾವೂ ನಿಮ್ಮೂರವರಽ ಆದಿವಿ ತಗೋ" ಎಂದು ನಗುತ್ತಿದ್ದರು.

ಮಿಲ್ಲಿನಲ್ಲಿ ಒಂದು ಬೆಂಚಿದೆ. ಊರಾಚೆಯ ಕಾಲೋನಿಯವರು ಡಬ್ಬ ತಂದರೆ ಮೆಟ್ಟಿಲ ಮೇಲಿಟ್ಟು ಹೊರಗೆ ನಿಲ್ಲುವುದು ನಾನು ಮದುವೆಯಾಗಿ ಬರುವುದಕ್ಕೂ ಮುಂಚಿನ ವಾಡಿಕೆ. ಯಾರೂ ನಿಲ್ಲಿ ಅನ್ನುತ್ತಿರಲಿಲ್ಲ, ಬನ್ನಿ ಅಂತಲೂ ಅನ್ನುತ್ತಿರಲಿಲ್ಲ. ಹದಿನೈದನೇ ಇಸವಿಯ ಬೇಸಿಗೆಯಲ್ಲಿ ಕಾಲೋನಿಯ ಒಂದು ಹುಡುಗಿ ಹಾಗೆ ನಿಂತಿದ್ದಳು. ಯಲಹಂಕದಲ್ಲಿ ಬಿ.ಕಾಂ. ಮುಗಿಸಿ ಅಲ್ಲೇ ಒಂದು ಆಡಿಟರ್ ಆಫೀಸಿಗೆ ಹೋಗುತ್ತಿದ್ದವಳು. ನಮ್ಮೂರಿನ ಲೆಕ್ಕ ಗೊತ್ತಿಲ್ಲದ ಜೋಳದಮ್ಮ ಬೆಂಚಿನಲ್ಲಿ ಸರಿದು ಜಾಗ ಮಾಡಿದರು.

"ಅಲ್ಲ್ಯಾಕ ನಿಂತೀಯವಾ ಬಿಸಲಾಗ? ಬಾ, ಇಲ್ಲೆ ಕುಂಡ್ರ ಬಾ."

ಹುಡುಗಿ ನನ್ನ ಮುಖ ನೋಡಿದಳು. ಬೆಂಚಿನಲ್ಲಿದ್ದ ಇನ್ನಿಬ್ಬರು ತಮ್ಮ ತಮ್ಮ ಡಬ್ಬದ ಮುಚ್ಚಳ ತೆಗೆದು ಹಾಕಿ ಮಾಡಿದರು. ನಾನು ರಾಗಿ ಸುರಿಯುತ್ತಲೇ ಹೂಂ ಎಂಬಂತೆ ತಲೆಯಾಡಿಸಿದೆ. ಅವಳು ಬಂದು ತುದಿಯಲ್ಲಿ ಕೂತಳು.

"ಏಸು ವರ್ಷ ನಿನಗ? ಲಗ್ನ ಆಗೇತೇನು?"

"ಇಲ್ಲ ಅಜ್ಜಿ. ಈ ಸಲ ಪಂಚಾಯ್ತಿ ಎಲೆಕ್ಷನ್‌ಗೆ ನಿಂತಿದೀನಿ."

"ನಿಂತೀಯೇನು? ಹಂಗಾದ್ರ ಮೊದಲ ನೆಟ್ಟಗ ಕುಂಡ್ರು. ನಿಂದ್ರೂದು ಇದ್ದಽ ಐತಿ."

ಬೆಂಚಿನವರೂ ನಕ್ಕರು. ಅಂದಿನಿಂದ ಆ ಹುಡುಗಿ ಮಿಲ್ಲಿಗೆ ಬಂದರೆ ಒಳಗೆ ಬಂದು ಕೂರುತ್ತಿದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬೇರೆಯವರೂ ಕೂತರು.

ಆ ವರ್ಷ ನಮ್ಮ ವಾರ್ಡು ಕಾಲೋನಿಯ ಹೆಂಗಸರಿಗೆ ಮೀಸಲಾಗಿತ್ತು. ಓದಿದವಳು, ಮಾತು ಕಡಿಮೆ, ಹೇಳಿದ ಕಡೆ ಸಹಿ ಹಾಕುತ್ತಾಳೆ ಎಂದು ಊರಿನ ಹಿರಿಯರೇ ಅವಳನ್ನು ನಿಲ್ಲಿಸಿದ್ದು. ಹಿರಿಯರು ಎಂದರೆ ಮುಖ್ಯವಾಗಿ ನಮ್ಮ ಭಾವನವರು, ನನ್ನ ಯಜಮಾನರ ಅಣ್ಣ. ಹಿಂದೆ ತಾವೇ ಮೆಂಬರಾಗಿದ್ದವರು. ಅವಳು ಗೆದ್ದ ದಿನ, "ಒಳ್ಳೆ ಮಗು, ಎಲ್ಲಿ ಸೈನ್ ಆಕು ಅಂದ್ರೆ ಅಲ್ಲಿ ಆಕ್ತದೆ" ಎಂದು ಎಲ್ಲರೆದುರು ಹೇಳಿದ್ದರು. ಅವಳೂ ಅಲ್ಲೇ ಇದ್ದಳು.

ಆದರೆ ಅವಳು ಕೆಲಸ ಶುರುಮಾಡಿದ್ದು ಯಾರೂ ಎಣಿಸದ ಕಡೆಯಿಂದ. ಆಫೀಸಿಗೆ ರಜೆಯಿದ್ದ ದಿನ ನಮ್ಮ ಹಿಂದಿನ ಶೀಟಿನ ಮನೆಗಳಿಗೆ ಹೋಗಿ, ನೀರು ಯಾವಾಗ ಬರುತ್ತದೆ, ಎಲ್ಲಿಂದ ಹಿಡಿಯುತ್ತೀರಿ ಎಂದು ಕೇಳಿ ಬಂದಳು. ಭಾವನವರು ಮಿಲ್ಲಿನ ಮುಂದೆ ಅವಳನ್ನು ತಡೆದು ಕೇಳಿದರು.

"ಅವರ ಓಟೆಲ್ಲ ಬಿಜಾಪುರದಲ್ಲೇ ಅವೆ. ನಿಂಗೇನಮ್ಮ ಅಲ್ಲಿ ಕೆಲಸ?"

"ಓಟು ಅಲ್ಲಿದ್ರೂ ನೀರು ಇಲ್ಲೇ ಕುಡೀತಾರಲ್ಲ ಗೌಡ್ರೆ."

ಭಾವನವರು ಕೆಟ್ಟ ಮನುಷ್ಯರಲ್ಲ. ಅವರ ಕಾಲದಲ್ಲಿ ನಮ್ಮ ಬೀದಿಯ ದೀಪ, ಶಾಲೆಯ ಕಾಂಪೌಂಡು ಎಲ್ಲ ಆದದ್ದು ಅವರ ಓಡಾಟದಿಂದಲೇ. ಶೀಟಿನ ಮನೆಗಳ ಕಡೆಗೆ ಅವರು ಹೋಗಿರಲಿಲ್ಲ ಅಷ್ಟೇ. ಹೋಗಬೇಕು ಎಂದು ಅವರಿಗೂ ಅನ್ನಿಸಿರಲಿಲ್ಲ, ನಮಗೂ ಅನ್ನಿಸಿರಲಿಲ್ಲ. ಮುಂದಿನ ಯುಗಾದಿಗೆ ಮೊದಲೇ ಆ ಸಾಲಿಗೆ ಒಂದು ನಲ್ಲಿ ಬಂತು. ನಲ್ಲಿಯ ಗುಂಡಿ ತೋಡಿದವರು ಭಾವನವರ ಮಗನ ಸಂಘದ ಹುಡುಗರು. ಅವನು ಟೆಂಪೋ ಓಡಿಸುತ್ತಿದ್ದ, ಊರಿನ ಯುವಕರ ಸಂಘಕ್ಕೆ ಅವನೇ ಮುಂದಾಳು. ಗಣೇಶನ ಪೆಂಡಾಲು ಬಿಟ್ಟರೆ ಬೇರೆ ಕೆಲಸ ಮಾಡದ ಸಂಘ ಅದು. "ಮೇಡಂ ಆರ್ಡರ್ ಆಗಿದೆ ಚಿಕ್ಕಮ್ಮ, ಗುಂಡಿ ತೋಡ್ಬೇಕು" ಎಂದು ನನ್ನೆದುರು ಅವಳನ್ನು ರೇಗಿಸುತ್ತಿದ್ದ. ಅವಳು ಸನಿಕೆ ಅವನ ಕೈಗೆ ಕೊಟ್ಟು, "ಮಾತು ಆಮೇಲೆ, ಮೊದಲು ಮಣ್ಣು" ಎನ್ನುತ್ತಿದ್ದಳು.

ಹದಿನೇಳರ ಮೇ ತಿಂಗಳ ಒಂದು ಬೆಳಿಗ್ಗೆ ಜೋಳದಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವರು ಹಾಗೇ ಗೋಡೆಗೆ ಒರಗಿದರು. ಸೊಸೆ ಚಹಾ ತಂದಾಗ ಜೀವ ಇರಲಿಲ್ಲ. ಅವಳು ಕೂಗಿದ ದನಿಗೆ ನಾನು ಮಿಲ್ಲು ನಿಲ್ಲಿಸಿ ಓಡಿದೆ. ಮಲಗಿಸೋಣವೆಂದು ಕೈ ಹಾಕಿದರೆ ಮಗ ಬೇಡವೆಂದ. ಅವರ ಪೈಕಿಯಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ, ಬೆನ್ನು ಗೋಡೆಗಾನಿಸಿ, ಬಟ್ಟೆಯಿಂದ ಕಟ್ಟಿ ಕೂರಿಸಿದರು. ಮಿಲ್ಲಿನ ಬೆಂಚಿನಲ್ಲಿ ತಮ್ಮ ಸರದಿಗೆ ಕಾಯುವಾಗ ಹೇಗಿದ್ದರೋ ಹಾಗೇ ಇದ್ದರು.

ಮಣ್ಣು ಎಲ್ಲಿ ಎಂಬ ಮಾತು ಬಂತು. ಬಾಡಿಗೆಯವರಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಒಯ್ಯುತ್ತಿದ್ದರು, ಇಲ್ಲಾ ಹೆಬ್ಬಾಳಕ್ಕೆ. ನಮ್ಮೂರಿನ ಸ್ಮಶಾನದಲ್ಲಿ ಹೊರಗಿನವರನ್ನು ಇಟ್ಟದ್ದೇ ಇರಲಿಲ್ಲ. ಭಾವನವರು ಬಂದು ಬೆಂಚಿನಲ್ಲಿ ಕೂತರು.

"ಎಬ್ಬಾಳಕ್ಕೆ ತಗಂಡೋಗ್ರಪ್ಪ. ಕರೆಂಟಿನ ಚಿತೆ ಐತೆ. ಬೂದಿ ಕೈಗೆ ಕೊಡ್ತಾರೆ."

"ನಮ್ಮಲ್ಲಿ ಸುಡೂದಿಲ್ರಿ," ಎಂದ ಮಗ. "ಮಣ್ಣ ಕೊಡಬೇಕ್ರಿ."

"ಅಂಗಾದ್ರೆ ಊರಿಗೇ ತಗಂಡೋಗ್ರಿ. ನನ್ನ ಮಗ ಗಾಡಿ ಮಾಡ್ಕೊಡ್ತಾನೆ."

"ಊರು ಇಲ್ರಿ."

ಭಾವನವರಿಗೆ ಅರ್ಥವಾಗಲಿಲ್ಲ. ಅವನು ಮಿಲ್ಲಿನ ನೆಲ ನೋಡುತ್ತ ಹೇಳಿದ. "ಆಲಮಟ್ಟಿ ಹಿನ್ನೀರಿನ್ಯಾಗ ಮುಳುಗೇತ್ರಿ. ನಮ್ಮಪ್ಪನ್ನ ಇಟ್ಟ ಜಾಗನೂ ನೀರಾಗೈತಿ. ಬ್ಯಾಸಿಗ್ಯಾಗ ನೀರು ಇಳಿದಾಗ ಅವ್ವ ದಂಡ್ಯಾಗ ನಿಂತು ಕೈ ಮುಗಿತಿದ್ಲು, ಎಲ್ಲಿ ಅಂತ ಗುರುತಽ ಸಿಗತಿರಲಿಲ್ಲ. ನನ್ನ ನೀರಾಗ ಇಡಬ್ಯಾಡೋ ಅಂತ ಆವಾಗಿಂದ ಒಂದಽ ಮಾತು ಆಕೀದು."

"ಗೌರ್ಮೆಂಟು ಬೇರೆ ಕಡೆ ಜಾಗ ಕೊಟ್ಟಿರ್ಬೇಕಲ್ಲಪ್ಪ?"

"ಕೊಟ್ಟಿತ್ರಿ. ಮಂದಿ ಎಲ್ಲಾ ದಿಕ್ಕಾಪಾಲಾಗ್ಯಾರ. ಎತ್ತಾಕ ನಾಲ್ಕು ಮಂದಿ ಇಲ್ರಿ ಅಲ್ಲಿ."

ಭಾವನವರು ನನ್ನ ಕಡೆ ತಿರುಗಿ ಮೆಲ್ಲಗೆ, "ಒಬ್ಬರಿಗೆ ಬಿಟ್ರೆ ನಾಳೆ ಲೇಔಟಿನೋರು ಪೂರಾ ಬತ್ತಾರೆ ಕಣಮ್ಮ. ಇರೋ ಜಾಗ ನಮಗೇ ಸಾಲ್ದು" ಅಂದರು. ಅವರ ಭಯ ಸುಳ್ಳಲ್ಲ. ಅವರ ತಾತನನ್ನು ಹೂತ ಗುಡ್ಡೆ ಇದ್ದ ಹೊಲ ಮಾರಿದ ಮೇಲೆ ಅದರ ಮೇಲೆಯೇ ಲೇಔಟಿನ ರಸ್ತೆ ಹೋಗಿತ್ತು. ಆ ರಸ್ತೆಯಲ್ಲಿ ಅವರು ಇಂದಿಗೂ ಗಾಡಿ ಓಡಿಸುವುದಿಲ್ಲ, ಸುತ್ತಿ ಹೋಗುತ್ತಾರೆ.

ಭಾವನವರ ಮಗ ಫೋನು ಮಾಡಿದ್ದರಿಂದ ಮೆಂಬರ್ ಹುಡುಗಿ ಆಫೀಸಿಗೆ ರಜೆ ಹೇಳಿ ಯಲಹಂಕದಿಂದ ಬಸ್ಸು ಹಿಡಿದು ಬಂದಳು. ಮೊದಲು ಶೀಟಿನ ಮನೆಗೆ ಹೋಗಿ ಜೋಳದಮ್ಮನ ಎದುರು ಸ್ವಲ್ಪ ಹೊತ್ತು ಕೂತಳು. ಆಮೇಲೆ ಮಿಲ್ಲಿಗೆ ಬಂದು ಕೇಳಿದಳು, "ಬೀಳಿನಲ್ಲಿ ಇಡೋಣವಾ?"

ಬೀಳು ಯಾವುದೆಂದು ಹೇಳಬೇಕು. ನಮ್ಮೂರಿನ ಸ್ಮಶಾನ ರಸ್ತೆಯಿಂದ ಕೆರೆಯ ಕಡೆಗೆ ಇಳಿಜಾರಾಗಿದೆ. ಎಡಕ್ಕೆ ಊರಿನವರದು, ಬಲಕ್ಕೆ ಕಾಲೋನಿಯವರದು. ಎರಡರ ನಡುವೆ ರಸ್ತೆಯಿಂದ ಕೆರೆಯವರೆಗೂ ಗಾಡಿಯೊಂದು ಹೋಗುವಷ್ಟು ಅಗಲದ ಜಾಗವನ್ನು ಎರಡೂ ಕಡೆಯವರು ಬಿಟ್ಟಿದ್ದರು. ಸತ್ತ ಮೇಲೂ ಒಬ್ಬರಿಗೊಬ್ಬರು ತಾಗಬಾರದೆಂದು ಬಿಟ್ಟ ಜಾಗ. ಅಲ್ಲಿ ಮುಳ್ಳುಗಿಡ ಬೆಳೆದಿತ್ತು. ಪಂಚಾಯಿತಿಯ ಲೆಕ್ಕದಲ್ಲಿ ಎಲ್ಲ ಒಂದೇ ಸ್ಮಶಾನ. ಊರಿನ ಲೆಕ್ಕದಲ್ಲಿ ಆ ನಡುವಿನದು ಯಾರದೂ ಅಲ್ಲ.

"ಯಾರದೂ ಅಲ್ಲ ಅಂದ್ಮೇಲೆ ಯಾರನ್ನ ಕೇಳೋದು?" ಎಂದ ಭಾವನವರ ಮಗ.

ಭಾವನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಟವೆಲು ಕೊಡವಿ ಮನೆಗೆ ಹೋದರು. ಯಾರ ಗುಡ್ಡೆಯೂ ಹತ್ತಿರವಿಲ್ಲದ ಕಡೆಯಾದರೆ ಯಾರಿಗೂ ಬೇಸರವಿಲ್ಲ ಎಂದುಕೊಂಡು ಹುಡುಗರು ಬೀಳಿನ ಕೆಳತುದಿಯಲ್ಲಿ, ಕೆರೆಯ ಮಗ್ಗುಲಲ್ಲಿ ಮುಳ್ಳು ಸವರಿ ಅಗೆಯಲು ನಿಂತರು. ಸಂಘದವರೂ ಕಾಲೋನಿಯವರೂ ಸೇರಿ. ಹೆಂಗಸರು ಸ್ಮಶಾನದೊಳಗೆ ಹೋಗುವ ವಾಡಿಕೆಯಿಲ್ಲ. ನಾನು ನೀರಿನ ಕೊಡ ಇಟ್ಟುಕೊಂಡು ರಸ್ತೆಯ ಅಂಚಿನಲ್ಲಿ ಕೂತೆ. ಮೆಂಬರ್ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಆಗಲೇ ಒಂದು ತಪ್ಪಾಯಿತು. ನಮ್ಮೂರಲ್ಲಿ ಜೋಳದಮ್ಮನವರ ಪೈಕಿಯ ಮನೆ ಒಂದೂ ಇಲ್ಲ. ಹುಡುಗರು ತಮಗೆ ಗೊತ್ತಿದ್ದಂತೆ ಆಳುದ್ದದ ಗುಣಿ ತೆಗೆದರು. ಮೊಣಕಾಲುದ್ದ ಇಳಿದಿದ್ದಾಗ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಜೋಳದಮ್ಮನ ಮಗನ ಜೊತೆ ಕೆಲಸ ಮಾಡುವವನು, ಅಯ್ಯನವರ ಮನೆತನದವನು. ಅವರಲ್ಲಿ ಮಣ್ಣಿನ ಶಾಸ್ತ್ರ ಮಾಡುವುದು ಆ ಮನೆತನದವರೇ. ರಾತ್ರಿ ಪಾಳಿ ಮುಗಿಸಿದವನು ಯೂನಿಫಾರಂ ಕೂಡ ಬಿಚ್ಚಿರಲಿಲ್ಲ, ಹೆಗಲ ಮೇಲೆ ಒಂದು ಶಾಲು ಹಾಕಿಕೊಂಡಿದ್ದ. ಗುಣಿ ನೋಡಿ ನಿಂತುಬಿಟ್ಟ.

"ಹಿಂಗಲ್ರಿ. ಕುಂಡ್ರಿಸಬೇಕ್ರಿ. ಚೌಕ ತಗೀಬೇಕು, ಎದಿಮಟ. ಬಾಜೂಕ ಒಂದು ಗೂಡು ಕೊರೀಬೇಕು."

ಭಾವನವರ ಮಗ ಹಾರೆ ಊರಿ ಬೆವರು ಒರೆಸಿಕೊಂಡ. "ಮೊದಲೇ ಹೇಳ್ಬಾರ್ದಾ ಗುರು? ಮಲಗೋರಿಗೆ ಮಾಡ್ಬಿಟ್ವಿ."

"ನೀವು ಕೇಳಿಲ್ಲ, ನಾ ಹೇಳಿಲ್ಲ."

ಯಾರೂ ಸಿಟ್ಟಾಗಲಿಲ್ಲ. ಒಂದು ತುದಿ ಮುಚ್ಚಿ ಇನ್ನೊಂದನ್ನು ಚೌಕವಾಗಿ ಆಳಕ್ಕೆ ಇಳಿಸಿದರು. ಸೊಂಟದ ಮಟ್ಟಕ್ಕೆ ಹೋದಾಗ ಮಣ್ಣು ಕಪ್ಪಾಯಿತು. ಇನ್ನೆರಡು ಏಟಿಗೆ ಗೋಡೆಯಿಂದ ನೀರು ಜಿನುಗಿತು. ಮಳೆಯ ನೀರಲ್ಲ, ಲೇಔಟುಗಳಿಂದ ಕೆರೆಗೆ ಹರಿದುಬಂದು ನಿಂತ ಬಚ್ಚಲ ನೀರು. ವಾಸನೆ ರಸ್ತೆಯವರೆಗೂ ಬಂತು.

ಜೋಳದಮ್ಮನ ಮಗ ಗುಣಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಹಿಂದಕ್ಕೆ ಸರಿದ. "ಬ್ಯಾಡ್ರಿ," ಎಂದ. ಅಷ್ಟೇ. ತನಗೆ ಜೋರಾಗಿ ಕೇಳುವ ಹಕ್ಕಿದೆ ಎಂದು ಅವನಿಗೇ ಅನ್ನಿಸಿರಲಿಲ್ಲವೇನೋ. ಬಾಡಿಗೆಯ ಊರು.

ಹುಡುಗಿ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಮೇಲಿನ ತುದಿ ಒಣಗಿತ್ತು. ಆದರೆ ಅಲ್ಲಿ ಬೀಳಿಗೆ ತಗುಲಿಕೊಂಡಂತೆ ನಮ್ಮ ಮಾವನವರ ಗುಡ್ಡೆಯಿದೆ, ಭಾವನವರ ತಂದೆಯದು. ನನ್ನ ಹತ್ತಿರ ಬಂದು ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದಳು. "ಅಕ್ಕ, ನನ್ ಜೊತೆ ಬನ್ನಿ. ಗೌಡ್ರ ಮನೆಗೆ ಹೋಗ್ಬೇಕು."

ಭಾವನವರ ಮಗ ಕೂಗಿದ, "ಪಂಚಾಯ್ತಿ ಜಾಗ. ಅಪ್ಪನ್ನ ಏನ್ ಕೇಳೋದು, ನಾನೇ ಅಗೀತೀನಿ."

"ನೀನು ಅಗೀತೀಯ. ಸ್ವಲ್ಪ ತಡಿ," ಅಂದಳು.

ಭಾವನವರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅವಳು ಗೇಟಿನ ಹೊರಗೇ ನಿಂತಳು.

"ಗೌಡ್ರೆ, ಕೆಳಗೆ ನೀರು ಬಂತು."

"ಬತ್ತದೆ. ಕೆರೆ ಮಗ್ಗುಲಲ್ಲಿ ಅಗೆದ್ರೆ ಆಲು ಬತ್ತದಾ?"

"ಮೇಲಿನ ತುದೀಲಿ ಒಣಗಿದೆ. ನಿಮ್ಮ ತಂದೆಯವರ ಪಕ್ಕ."

ಅವರು ಎಲೆಯ ನಾರು ತೆಗೆಯುತ್ತಲೇ ಇದ್ದರು. "ಕೇಳ್ದೇನೇ ಅಗೆದಿದ್ರೆ ನಾನೇನ್ ಮಾಡಕ್ಕಾಯ್ತಿತ್ತು?"

"ಏನೂ ಇಲ್ಲ. ಆದ್ರೆ ವರ್ಷವರ್ಷ ಎಡೆ ಇಡೋಕೆ ಹೋದಾಗ ಆ ಕಡೆ ಸಿಟ್ಟಲ್ಲಿ ನೋಡ್ತಿದ್ರಿ. ಆ ಅಜ್ಜಿಗೆ ಅದು ಬೇಡ ಅನ್ನಿಸ್ತು."

ಭಾವನವರು ಎಲೆಗೆ ಸುಣ್ಣ ಸವರಿದರು. "ನಿಮ್ಮೋರೇನಂತಾರೆ?" ಎಂದು ಕೇಳಿದರು.

"ಬೈತಿದಾರೆ. ನಮಗೇ ಜಾಗ ಇಲ್ಲ, ಇವಳು ಕಂಡೋರಿಗೆ ದಾನ ಮಾಡ್ತಾಳೆ ಅಂತ ನಮ್ಮ ತಾತನೇ ಬೈದ್ರು."

ಭಾವನವರ ಮುಖದಲ್ಲಿ ಸಣ್ಣ ನಗೆ ಬಂದುಹೋಯಿತು. "ಬೈಸ್ಕಬೇಕು. ಮೆಂಬ್ರಾದ್ಮೇಲೆ ಎರಡು ಕಡೇನೂವೆ. ನಂಗೂ ಬೈದವ್ರೆ, ನಮ್ಮವ್ವನೇ ಬೈದವಳೆ, ಇವರ ಅತ್ತೆ," ಎಂದು ನನ್ನತ್ತ ಕೈ ತೋರಿಸಿದರು. ಆಮೇಲೆ ಎದ್ದು ಅಂಗಳದ ಮೂಲೆಗೆ ಉಗಿದು ಬಂದು ಹೇಳಿದರು. "ನಮ್ಮಪ್ಪನ ತಲೆ ಕಡೆ ಬ್ಯಾಡ. ಕಾಲ ಕಡೆ ಅಗೀರಿ. ಮೂರಡಿ ಬಿಟ್ಟು."

ಕಾಲ ಕಡೆ ಎಂದರೆ ಇನ್ನೂ ಮೇಲಕ್ಕೆ, ರಸ್ತೆಗೆ ಹತ್ತಿರ. ಅಲ್ಲಿ ಮಣ್ಣು ಗಟ್ಟಿ, ಕೆಂಪಗಿತ್ತು. ಎದೆಮಟ್ಟ ಇಳಿದರೂ ಪುಡಿಪುಡಿಯಾಗಿಯೇ ಬಂತು. ಜೋಳದಮ್ಮನ ಮಗ ಆ ಮಣ್ಣನ್ನು ಹಿಡಿಯಲ್ಲಿ ಹಿಸುಕಿ, ಬಿಟ್ಟು, ಮತ್ತೆ ಹಿಸುಕಿ ನೋಡಿದ.

ಬಿಸಿಲು ಇಳಿಯುವಾಗ ಜೋಳದಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬೊಂಬು ಕಟ್ಟಿ ಹೊತ್ತು ತಂದರು. ಮುಂದಿನ ಎರಡು ಹೆಗಲು ಮಗನದು, ಅಯ್ಯನವರ ಹುಡುಗನದು. ಹಿಂದಿನವು ಭಾವನವರ ಮಗನದು, ಕಾಲೋನಿಯ ಒಬ್ಬ ಹುಡುಗನದು. ನಾಲ್ವರ ಎತ್ತರವೂ ಬೇರೆ ಬೇರೆಯಾದ್ದರಿಂದ ಕುರ್ಚಿ ಒಂದು ಕಡೆ ವಾಲುತ್ತಿತ್ತು. ಹುಡುಗಿ ಪಕ್ಕದಲ್ಲೇ ನಡೆಯುತ್ತ ಕೈ ಆಸರೆ ಕೊಟ್ಟಿದ್ದಳು. ಯೂನಿಫಾರಮ್ಮಿನ ಅಯ್ಯನವರು ಗುಣಿಗೆ ಇಳಿದು ಗೂಡಿನಲ್ಲಿ ಅವರನ್ನು ಕೂರಿಸಿ, ಲಿಂಗವನ್ನು ಅಂಗೈಗಿಟ್ಟು, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಮಂತ್ರ ನಡುವೆ ಒಂದೆರಡು ಕಡೆ ನಿಂತಿತು. ನಿಂತಾಗ ಶಾಲಿನ ತುದಿಯಿಂದ ಬೆವರು ಒರೆಸಿಕೊಂಡು ಮುಂದುವರಿಸಿದರು.

ಮಣ್ಣು ಹಾಕುವ ಹೊತ್ತಿಗೆ ಭಾವನವರು ಬಂದರು. ತಂದೆಯ ಗುಡ್ಡೆಯಿಂದ ಗುಣಿಯವರೆಗೆ ಪಾದ ಸೇರಿಸಿ ಸೇರಿಸಿ ಅಳೆದರು. ಸರಿಯಿತ್ತು ಎನಿಸುತ್ತದೆ. ಬಗ್ಗಿ ಒಂದು ಹಿಡಿ ಹಾಕಿದರು.

ಮೆಂಬರ್ ಹುಡುಗಿಗೆ ಅದರಿಂದ ಒಳ್ಳೆಯದೇ ಆಯಿತು ಎನ್ನಲಾರೆ. ಕಾಲೋನಿಯಲ್ಲಿ ಕೆಲವರು ಬಹಳ ದಿನ ಅವಳ ಜೊತೆ ಮಾತು ಬಿಟ್ಟರು. ಊರಿನ ಕಡೆ, ಹೆಣ್ಣು ಮಸಣಕ್ಕೆ ಕಾಲಿಟ್ಟಳು ಎಂಬ ಮಾತು ನಮ್ಮ ಮಿಲ್ಲಿನಲ್ಲೇ ಎಷ್ಟು ಸಲ ಬಿತ್ತೋ. ಭಾವನವರು ಹೆದರಿದಂತೆ ಮರುವರ್ಷ ಲೇಔಟಿನವರೂ ಜಾಗ ಕೇಳಿ ಬಂದರು. ಬೀಳು ಎಷ್ಟು ಜನಕ್ಕೆ ಸಾಲೀತು? ಬೇರೆ ಜಾಗ ಕೊಡಿ ಎಂದು ಅವಳೂ ಭಾವನವರ ಮಗನೂ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. ಹತ್ತೊಂಬತ್ತನೇ ಇಸವಿ ಮುಗಿಯುವವರೆಗೂ ಅದು ಬಗೆಹರಿದಿರಲಿಲ್ಲ. ಇಷ್ಟು ಮಾತ್ರ ಕಂಡೆ: ತಾಲ್ಲೂಕಿಗೆ ಹೋಗುವ ದಿನ ಬೆಳಿಗ್ಗೆ ಭಾವನವರು ಮಿಲ್ಲಿಗೆ ಬಂದು, ಯಾವ ಟೇಬಲ್ಲಿಗೆ ಮೊದಲು ಹೋಗಬೇಕು, ಯಾರ ಹತ್ತಿರ ದನಿ ಎತ್ತಬಾರದು ಎಂದು ಅವರಿಬ್ಬರಿಗೂ ಹೇಳಿ ಕಳಿಸುತ್ತಿದ್ದರು.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಹದಿನೇಳರದೇ ಮಳೆಗಾಲ. ಆ ಸಲ ಮಳೆ ಬಿಡಲೇ ಇಲ್ಲ. ಎಷ್ಟೋ ವರ್ಷದಿಂದ ಬಚ್ಚಲ ನೀರು ಬಿಟ್ಟು ಬೇರೆ ಕಾಣದ ಕೆರೆ ತುಂಬಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನೀರು ಸ್ಮಶಾನಕ್ಕೆ ನುಗ್ಗಿ, ಮೊದಲು ಅಗೆದು ಮುಚ್ಚಿದ್ದ ಆ ಕೆಳಗಿನ ಗುಣಿಯನ್ನು ಮುಳುಗಿಸಿ, ಬೀಳಿನಲ್ಲಿ ಮೇಲೇರುತ್ತಿತ್ತು.

ಜೋಳದಮ್ಮನ ಮಗ ರಾತ್ರಿ ಪಾಳಿ ಮುಗಿಸಿ ಬಂದವನು ಮನೆಗೂ ಹೋಗದೆ ನೇರ ಅಲ್ಲಿಗೆ ಹೋಗಿದ್ದ. ಅವನ ಹೆಂಡತಿ ಬಂದು ಹೇಳಿದಳು. ನಾನು ಮಿಲ್ಲಿಗೆ ಬೀಗ ಹಾಕಿ, ಛತ್ರಿ ಹಿಡಿದು ಹೋದೆ. ಈ ಸಲ ರಸ್ತೆಯಲ್ಲಿ ನಿಲ್ಲಲಿಲ್ಲ. ಅವನು ನೆನೆಯುತ್ತ ತಾಯಿಯ ಗುಡ್ಡೆಗೆ ಅಡ್ಡ ನಿಂತಿದ್ದ, ನೀರಿಗೆ ಎದುರಾಗಿ. ಸ್ವಲ್ಪ ಹೊತ್ತಿಗೆ ಮೆಂಬರ್ ಹುಡುಗಿಯೂ ಬಂದಳು. ಹೆಗಲಲ್ಲಿ ಆಫೀಸಿನ ಬ್ಯಾಗಿತ್ತು. ಒಂದು ಕೋಲು ಮುರಿದು ನೀರಿನ ಅಂಚಿಗೆ ನೆಟ್ಟಳು. ಮೂವರೂ ಕೋಲನ್ನೇ ನೋಡುತ್ತ ನಿಂತೆವು.

ಭಾವನವರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೆರೆ ಏರಿಯ ಕಡೆಯಿಂದ ಬಂದರು. "ಕೋಡಿ ಬಿದ್ದೈತೆ. ಇನ್ನು ಏರಲ್ಲ. ನಾನುಟ್ಟಿದಾಗಿಂದ ಈ ನೀರು ಆ ಕಲ್ಲು ದಾಟಿಲ್ಲ" ಎಂದು ಗುಡ್ಡೆಯಿಂದ ಬಹಳ ಕೆಳಗಿದ್ದ ಒಂದು ಬಂಡೆ ತೋರಿಸಿದರು.

ಕೋಲಿನ ಬುಡದಲ್ಲಿ ನೀರು ಅಲ್ಲಾಡುತ್ತಿತ್ತು, ಮೇಲೆ ಬರಲಿಲ್ಲ. ಮಗ ಕುಕ್ಕರುಗಾಲಲ್ಲಿ ಕೂತು ಗುಡ್ಡೆಯ ಬದಿಯಲ್ಲಿ ಬೆರಳು ತೂರಿಸಿ ಕೆದಕಿದ. ಮೇಲಿನ ಕೆಸರು ಹೋಗಿ, ಒಳಗಿನ ಕೆಂಪು ಪುಡಿ ಉಗುರಿಗೆ ಬಂತು. ಅದನ್ನು ನಮಗೆ ತೋರಿಸಿ, "ಒಣಾ ಐತ್ರಿ" ಎಂದ. ಕೆದಕಿದ ಜಾಗವನ್ನು ಮತ್ತೆ ಅದೇ ಮಣ್ಣಿನಿಂದ ಮುಚ್ಚಿ ಅಂಗೈಯಿಂದ ಒತ್ತಿದ.

"ರಾತ್ರಿಯೆಲ್ಲ ನಿದ್ದೆ ಇಲ್ಲ ನಿಮಗೆ. ಹೋಗಿ ಮಲ್ಕೊಳ್ಳಿ," ಅಂದಳು ಹುಡುಗಿ. "ಸಾಯಂಕಾಲ ಬಸ್ ಇಳಿದು ನಾನು ಇಲ್ಲಿಗೇ ಬಂದು ನೋಡ್ಕೊಂಡು ಹೋಗ್ತೀನಿ."

ಅವನು ಎದ್ದು ಹೊರಟ. ಅವಳು ಬಸ್ಸಿಗೆ ಹೋದಳು. ಭಾವನವರು ಮಾತ್ರ ಕೋಲಿನ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು.